ನಾಲ್ಕು ಗಣಕಗಳಿಗೆ ಒಂದು ಲೆಕ್ಕ: ಸಮಾಂತರ ಗಣನೆಯ ಲೈಬ್ರರಿಯ ಸ್ಥಾಪನೆ ಮತ್ತು ದೋಷಶೋಧನೆ

ಒಬ್ಬ ಆಳು ನಾಲ್ಕು ದಿನಗಳಲ್ಲಿ ಮುಗಿಸುವ ಕೆಲಸವನ್ನು ನಾಲ್ವರು ಒಂದೇ ದಿನದಲ್ಲಿ ಮುಗಿಸುವರೆಂದು ಅಂಕಗಣಿತದ ಪುಸ್ತಕಗಳಲ್ಲಿ ನಾವೆಲ್ಲರೂ ಕಲಿತಿದ್ದೇವೆ. ಆ ಲೆಕ್ಕದಲ್ಲಿ ಹೇಳದೆ ಬಿಟ್ಟ ಮಾತುಗಳು ಕೆಲವಿವೆ. ನಾಲ್ವರಿಗೂ ತಮ್ಮ ತಮ್ಮ ಪಾಲು ಯಾವುದೆಂದು ತಿಳಿದಿರಬೇಕು. ಒಬ್ಬನು ಕೂಗಿದುದು ಇನ್ನೊಬ್ಬನಿಗೆ ಕೇಳಿಸಬೇಕು. ಎಲ್ಲರೂ ಒಂದೇ ಭಾಷೆಯನ್ನಾಡಬೇಕು. ಇವುಗಳಲ್ಲಿ ಒಂದು ತಪ್ಪಿದರೂ ನಾಲ್ವರು ಸೇರಿ ಒಬ್ಬನಿಗಿಂತ ಕಡಿಮೆ ಕೆಲಸ ಮಾಡುವುದುಂಟು. ಗಣಕಯಂತ್ರಗಳಿಗೂ ಇದೇ ನ್ಯಾಯ ಅನ್ವಯಿಸುತ್ತದೆ.

ಒಂದು ದೊಡ್ಡ ಲೆಕ್ಕವನ್ನು ತುಂಡುಗಳಾಗಿ ವಿಭಜಿಸಿ ಹಲವು ಗಣಕಗಳಿಗೆ ಏಕಕಾಲದಲ್ಲಿ ಒಪ್ಪಿಸುವ ವಿಧಾನಕ್ಕೆ ಸಮಾಂತರ ಗಣನೆ ಎಂದು ಹೆಸರು. ಗಣಕಗಳು ಪರಸ್ಪರ ಮಾತನಾಡುವುದಕ್ಕೆ ಬೇಕಾದ ಸಿದ್ಧ ಕಾರ್ಯಕ್ರಮಗಳ ಸಂಗ್ರಹವೇ ಸಮಾಂತರ ಗಣನೆಯ ಲೈಬ್ರರಿ. ಅದನ್ನು ಯಂತ್ರದಲ್ಲಿ ನೆಲೆಗೊಳಿಸುವ ಕೆಲಸವು ಪುಸ್ತಕದಲ್ಲಿ ಓದುವಾಗ ಸುಲಭವಾಗಿ ತೋರುತ್ತದೆ. ಮಾಡಲು ಕುಳಿತಾಗ ಮಾತ್ರ ಒಂದರ ಮೇಲೊಂದು ದೋಷಸಂದೇಶ ಎದುರಾಗುತ್ತದೆ. ಅನೇಕ ವಿದ್ಯಾರ್ಥಿಗಳು ಈ ಹಂತದಲ್ಲಿಯೇ ಕೈಬಿಡುತ್ತಾರೆ. ಆದರೆ ಈ ದೋಷಗಳಲ್ಲಿ ಒಂದು ಕ್ರಮವಿದೆ. ಆ ಕ್ರಮವನ್ನು ಅರಿತವನಿಗೆ ದೋಷಸಂದೇಶವು ತಡೆಗೋಡೆಯಲ್ಲ, ದಾರಿ ತೋರಿಸುವ ಕೈಮರ. ಇದನ್ನು ಸ್ಪಷ್ಟಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸ್ವಲ್ಪ ಇತಿಹಾಸ

ಸಮಾಂತರ ಗಣನೆ ಕನ್ನಡ ನಾಡಿಗೆ ಹೊಸದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕ ಸಿದ್ಧವಾಯಿತು. ವಿಮಾನದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂಬಂಥ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಅದರ ಮೊದಲ ಉದ್ದೇಶವಾಗಿತ್ತು. ಪುಣೆಯ ಸಿ-ಡ್ಯಾಕ್ ಸಂಸ್ಥೆ 1991ರಲ್ಲಿ ‘ಪರಮ್ 8000’ ಎಂಬ ಯಂತ್ರವನ್ನು ನಿರ್ಮಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ ‘ಪರಮ್ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್. ಎಂದರೆ ಸೆಕೆಂಡಿಗೆ ಮೂರು ಸಾವಿರ ಲಕ್ಷ ಕೋಟಿ ಗಣಿತಕ್ರಿಯೆಗಳನ್ನೂ ಮೀರಿದ ವೇಗ.

ಆರಂಭದ ದಿನಗಳಲ್ಲಿ ಪ್ರತಿಯೊಂದು ಸಮಾಂತರ ಯಂತ್ರಕ್ಕೂ ಅದರದೇ ಭಾಷೆಯಿತ್ತು. ಒಂದಕ್ಕಾಗಿ ಬರೆದ ಕಾರ್ಯಕ್ರಮವು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಈ ತೊಂದರೆಯನ್ನು ನಿವಾರಿಸಲು ವಿಜ್ಞಾನಿಗಳೂ ಯಂತ್ರ ತಯಾರಕರೂ ಕೂಡಿ 1994ರಲ್ಲಿ ‘ಎಂಪಿಐ’ ಎಂಬ ಸಂದೇಶ ವಿನಿಮಯದ ಮಾನಕವನ್ನು ಪ್ರಕಟಿಸಿದರು. ಎಂಪಿಐ ಒಂದು ತಂತ್ರಾಂಶವಲ್ಲ. ಅದು ಕೇವಲ ನಿಯಮಾವಳಿ. ಆ ನಿಯಮಗಳನ್ನು ಅನುಸರಿಸಿ ರಚಿತವಾದ ಲೈಬ್ರರಿಗಳು ಬೇರೆ ಬೇರೆ. ಅವುಗಳಲ್ಲಿ ‘ಎಂಪಿಐಸಿಎಚ್’ ಮತ್ತು ‘ಓಪನ್ ಎಂಪಿಐ’ ಎಂಬ ಎರಡು ಮನೆತನಗಳು ಪ್ರಸಿದ್ಧವಾಗಿವೆ. ಎರಡೂ ಉಚಿತವಾಗಿ ದೊರೆಯುತ್ತವೆ. ಈ ಎರಡು ಹೆಸರುಗಳನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನಾವು ಹೇಳಲಿರುವ ಅತ್ಯಂತ ಅಪಾಯಕರವಾದ ದೋಷಕ್ಕೆ ಈ ಎರಡರ ಬೆರಕೆಯೇ ಮೂಲ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಪರಿಹರಿಸಿಕೊಳ್ಳೋಣ. ‘ಓಪನ್ ಎಂಪಿಐ’ ಬೇರೆ, ‘ಓಪನ್‌ಎಂಪಿ’ ಬೇರೆ. ಎರಡನೆಯದು ಒಂದೇ ಗಣಕದೊಳಗಿನ ಹಲವು ತಿರುಳುಗಳು, ಎಂದರೆ ಕೋರ್‌ಗಳು, ಒಂದೇ ಸ್ಮೃತಿಯನ್ನು ಹಂಚಿಕೊಂಡು ದುಡಿಯುವ ವಿಧಾನ. ಪ್ರತ್ಯೇಕ ಗಣಕಗಳನ್ನು ಜೋಡಿಸುವುದು ಅದರಿಂದ ಸಾಧ್ಯವಿಲ್ಲ. ಒಂದು ಅಕ್ಷರದ ವ್ಯತ್ಯಾಸವನ್ನು ಗಮನಿಸದೆ ಒಂದರ ಬದಲು ಇನ್ನೊಂದನ್ನು ಸ್ಥಾಪಿಸಿಕೊಂಡು ದಿನಗಟ್ಟಲೆ ಒದ್ದಾಡುವುದುಂಟು.

ನಮ್ಮ ಉದಾಹರಣೆ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ದಾಂಡೇಲಿಯಲ್ಲಿ ವಿಜ್ಞಾನ ಬೋಧಿಸುವ ಪದವಿ ಕಾಲೇಜಿದೆ. ಹಳಿಯಾಳದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ದೊಡ್ಡ ಸೂಪರ್ ಗಣಕಗಳು ಅಲ್ಲಿಂದ ನೂರಾರು ಕಿಲೋಮೀಟರ್ ದೂರದಲ್ಲಿರುವುದು ನಿಜ. ಆದರೆ ಕಲಿಯುವುದಕ್ಕೆ ಅವು ಬೇಕಿಲ್ಲ. ಕೊಠಡಿಯೊಂದರಲ್ಲಿರುವ ನಾಲ್ಕು ಸಾಮಾನ್ಯ ಗಣಕಗಳು, ಅವುಗಳಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ, ಅವುಗಳನ್ನು ಕೂಡಿಸುವ ತಂತಿಜಾಲ ಇಷ್ಟಿದ್ದರೆ ಸಾಕು. ಆ ನಾಲ್ಕು ಗಣಕಗಳಿಗೆ ನಾಲ್ಕು ತಾಲ್ಲೂಕುಗಳ ಹೆಸರನ್ನೇ ಇಡೋಣ.

ಲೆಕ್ಕ ಯಾವುದು? ಮಳೆಯ ಲೆಕ್ಕ. ಘಟ್ಟದ ಅಂಚಿನ ಜೋಯಿಡಾದಲ್ಲಿ ಮಳೆ ಅಧಿಕ. ಪೂರ್ವದ ಹಳಿಯಾಳ, ಮುಂಡಗೋಡಗಳ ಕಡೆ ಕಡಿಮೆ. ಕಾಳಿ ನದಿಯು ಜೋಯಿಡಾ ತಾಲ್ಲೂಕಿನಲ್ಲಿ ಹುಟ್ಟಿ, ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನಲ್ಲಿ ತಂಗಿ, ದಾಂಡೇಲಿಯನ್ನು ಹಾಯ್ದು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮುಂಡಗೋಡದ ಧರ್ಮಾ ನದಿಯ ನೀರಾದರೋ ವರದಾ, ತುಂಗಭದ್ರಾ, ಕೃಷ್ಣಾ ನದಿಗಳ ಮಾರ್ಗವಾಗಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಯಾವ ಹನಿ ಯಾವ ಕಡೆಗೆ ಹರಿಯುತ್ತದೆ ಎಂದು ತಿಳಿಯಲು ಈ ಪ್ರದೇಶವನ್ನು ಒಂದು ಚದರ ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸೋಣ. ಒಂದು ಚೌಕದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 1000 ಘನ ಮೀಟರ್, ಎಂದರೆ ಹತ್ತು ಲಕ್ಷ ಲೀಟರ್ ನೀರು. ಅನುಕೂಲಕ್ಕಾಗಿ ಒಟ್ಟು 4000 ಚೌಕಗಳೆಂದು ಇಟ್ಟುಕೊಂಡರೆ ಪ್ರತಿಯೊಂದು ಗಣಕದ ಪಾಲಿಗೆ 1000 ಚೌಕಗಳು ಬರುತ್ತವೆ.

ಆದರೆ ಹಂಚಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ನೀರು ಒಂದು ಚೌಕದಿಂದ ನೆರೆಯ ಚೌಕಕ್ಕೆ ಹರಿಯುತ್ತದೆ. ತನ್ನ ಪಾಲಿನ ಗಡಿಯಲ್ಲಿರುವ ಚೌಕಗಳ ಸ್ಥಿತಿಯನ್ನು ಪ್ರತಿಯೊಂದು ಗಣಕವೂ ನೆರೆಯ ಗಣಕಕ್ಕೆ ತಿಳಿಸುತ್ತಿರಬೇಕು. ಈ ಮಾತುಕತೆಯನ್ನು ನಡೆಸಿಕೊಡುವುದೇ ಎಂಪಿಐ ಲೈಬ್ರರಿಯ ಕಾರ್ಯ. ಅದು ಪ್ರತಿಯೊಂದು ಕಾರ್ಯಘಟಕಕ್ಕೂ ಒಂದು ಕ್ರಮಸಂಖ್ಯೆಯನ್ನು ಕೊಡುತ್ತದೆ. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ನಮ್ಮ ನಾಲ್ವರ ಸಂಖ್ಯೆಗಳು 0, 1, 2, 3. ‘ನಾನು ಎಷ್ಟನೆಯವನು? ಒಟ್ಟು ಎಷ್ಟು ಮಂದಿ ಇದ್ದೇವೆ?’ ಎಂಬ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ದೊರೆತರೆ ಮಾತ್ರ ಗಣಕವು ತನ್ನ ಪಾಲನ್ನು ತಾನು ಆರಿಸಿಕೊಳ್ಳಬಲ್ಲುದು.

ದೋಷಗಳಿಗೆ ನಾಲ್ಕು ಬಾಗಿಲುಗಳು

ನಾವು ಬರೆದ ಕಾರ್ಯಕ್ರಮವು ಫಲ ಕೊಡುವುದಕ್ಕೆ ಮೊದಲು ನಾಲ್ಕು ಹಂತಗಳನ್ನು ದಾಟುತ್ತದೆ. ಇವನ್ನು ಊರಿನ ಗ್ರಂಥಾಲಯವೊಂದರ ಹೋಲಿಕೆಯಿಂದ ತಿಳಿಯಬಹುದು.

ಮೊದಲನೆಯದು ಕಂಪೈಲ್, ಎಂದರೆ ಭಾಷಾಂತರದ ಹಂತ. ಇಲ್ಲಿ ಕಂಪೈಲರ್ ನಮ್ಮ ಬರಹವನ್ನು ಯಂತ್ರಭಾಷೆಗೆ ತಿರುಗಿಸುತ್ತದೆ. ಎಂಪಿಐಯ ಕ್ರಿಯೆಗಳ ಹೆಸರು, ಅವುಗಳಿಗೆ ಒದಗಿಸಬೇಕಾದ ಮೌಲ್ಯಗಳ ವಿವರ ಇವುಗಳ ಪಟ್ಟಿ ಅದಕ್ಕೆ ಬೇಕು. ಈ ಪಟ್ಟಿಗೆ ಹೆಡರ್ ಕಡತವೆಂದು ಹೆಸರು. ಗ್ರಂಥಾಲಯದ ಸೂಚಿಯಂತೆ ಇದು, ಗ್ರಂಥವಲ್ಲ. ಹೆಡರ್ ಕಡತವಿಲ್ಲವೆಂಬ ದೂರು ಬಂದರೆ ಸೂಚಿಯೇ ಕಾಣಿಸಲಿಲ್ಲವೆಂದು ಅರ್ಥ. ಉಬುಂಟುವಿನಂಥ ವ್ಯವಸ್ಥೆಗಳಲ್ಲಿ ಲೈಬ್ರರಿಯನ್ನು ಎರಡು ಕಟ್ಟುಗಳಾಗಿ ಕೊಡುತ್ತಾರೆ. ಸಿದ್ಧ ಕಾರ್ಯಕ್ರಮಗಳನ್ನು ನಡೆಸಲು ಒಂದು, ಹೊಸದಾಗಿ ಬರೆಯುವವರಿಗೆ ಮತ್ತೊಂದು. ಹೆಡರ್ ಕಡತವು ಎರಡನೆಯದರಲ್ಲಿದೆ. ಅದರ ಹೆಸರು ‘ಡೆವ್’ ಎಂದು ಕೊನೆಗೊಳ್ಳುತ್ತದೆ. ಅದನ್ನು ಸ್ಥಾಪಿಸಿದರೆ ಈ ದೂರು ನಿಲ್ಲುತ್ತದೆ.

ಎರಡನೆಯದು ಲಿಂಕ್, ಎಂದರೆ ಜೋಡಣೆಯ ಹಂತ. ಸೂಚಿಯಲ್ಲಿ ಹೆಸರಿದೆ, ಆದರೆ ಗ್ರಂಥವನ್ನು ಕಪಾಟಿನಿಂದ ತೆಗೆದುಕೊಟ್ಟವರಿಲ್ಲ. ಆಗ ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ಸಂದೇಶ ಬರುತ್ತದೆ. ಹೆಸರು ಗೊತ್ತು, ಹೂರಣ ಸಿಗಲಿಲ್ಲವೆಂದು ಇದರ ತಾತ್ಪರ್ಯ. ಸಾಮಾನ್ಯ ಕಂಪೈಲರನ್ನು ನೇರವಾಗಿ ಕರೆದುದೇ ಇದಕ್ಕೆ ಬಹುಮಟ್ಟಿಗೆ ಕಾರಣ. ಎಂಪಿಐಯೊಡನೆ ‘ಎಂಪಿಐಸಿಸಿ’ ಎಂಬ ಹೊದಿಕೆಯ ಕಂಪೈಲರ್ ಬರುತ್ತದೆ. ಅದು ಒಳಗೆ ಸಾಮಾನ್ಯ ಕಂಪೈಲರನ್ನೇ ಕರೆದು, ಸೂಚಿ ಎಲ್ಲಿದೆ, ಗ್ರಂಥ ಎಲ್ಲಿದೆ ಎಂಬುದನ್ನು ತಾನಾಗಿ ತಿಳಿಸುತ್ತದೆ. ಅದಕ್ಕೆ ‘ಶೋ’ ಎಂಬ ಆಯ್ಕೆಯನ್ನು ಕೊಟ್ಟರೆ ತಾನು ನಿಜವಾಗಿ ಹೊರಡಿಸುವ ಆಜ್ಞೆಯನ್ನು ಪೂರ್ಣವಾಗಿ ಬರೆದು ತೋರಿಸುತ್ತದೆ. ವಿದ್ಯಾರ್ಥಿಗಳು ಒಮ್ಮೆಯಾದರೂ ಇದನ್ನು ಮಾಡಿ ನೋಡಬೇಕು.

ಮೂರನೆಯದು ಲೋಡ್, ಎಂದರೆ ಸ್ಮೃತಿಗೆ ಏರಿಸುವ ಹಂತ. ಈಗಿನ ಲೈಬ್ರರಿಗಳು ಸಾಮಾನ್ಯವಾಗಿ ಹಂಚಿಕೊಳ್ಳುವ ಬಗೆಯವು. ಜೋಡಣೆಯ ವೇಳೆಯಲ್ಲಿ ಅವುಗಳ ಹೆಸರನ್ನು ಮಾತ್ರ ಬರೆದಿಟ್ಟುಕೊಂಡು, ಕಾರ್ಯಕ್ರಮ ಹೊರಡುವಾಗ ನಿಜವಾದ ಕಡತವನ್ನು ಹುಡುಕುತ್ತಾರೆ. ನಿನ್ನೆ ಗ್ರಂಥವಿದ್ದ ಕೊಠಡಿ ಯಾವುದೆಂದು ಇಂದು ಗೊತ್ತಾಗದಿದ್ದರೆ ‘ಶೇರ್ಡ್ ಲೈಬ್ರರಿ ತೆರೆಯಲಾಗದು’ ಎಂಬ ಸಂದೇಶ ಬರುತ್ತದೆ. ‘ಎಲ್‌ಡಿಡಿ’ ಎಂಬ ಸಲಕರಣೆಗೆ ನಮ್ಮ ಕಾರ್ಯಕ್ರಮದ ಹೆಸರನ್ನು ಕೊಟ್ಟರೆ ಅದು ಯಾವ ಯಾವ ಲೈಬ್ರರಿಗಳನ್ನು ಬೇಡುತ್ತದೆ, ಯಾವುದು ಎಲ್ಲಿ ದೊರೆಯಿತು, ಯಾವುದು ದೊರೆಯಲಿಲ್ಲ ಎಂದು ಪಟ್ಟಿ ಕೊಡುತ್ತದೆ. ದೊರೆಯದಿರುವುದರ ಹಾದಿಯನ್ನು ‘ಎಲ್‌ಡಿ ಲೈಬ್ರರಿ ಪಾತ್’ ಎಂಬ ಪರಿಸರ ಮೌಲ್ಯದಲ್ಲಿ ಸೂಚಿಸಬೇಕು.

ನಾಲ್ಕನೆಯದು ಓಟದ ಹಂತ. ಇಲ್ಲಿ ‘ಎಂಪಿಐರನ್’ ಎಂಬ ಚಾಲಕನು ನಾಲ್ಕು ಗಣಕಗಳಲ್ಲಿ ಕಾರ್ಯಕ್ರಮವನ್ನು ಎಬ್ಬಿಸುತ್ತಾನೆ. ಈ ಹಂತದ ದೋಷಗಳು ಹೆಚ್ಚು ಜಟಿಲವಾಗಿರುವುದರಿಂದ ಅವನ್ನು ಪ್ರತ್ಯೇಕವಾಗಿ ನೋಡೋಣ.

ಒಟ್ಟಿನಲ್ಲಿ ಸಂದೇಶವನ್ನು ಕಂಡೊಡನೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಏನು ತಪ್ಪಾಯಿತು?’ ಎಂಬುದಲ್ಲ, ‘ಯಾವ ಹಂತದಲ್ಲಿ ತಪ್ಪಾಯಿತು?’ ಎಂಬುದು. ಸೂಚಿಯೇ ಕಾಣದಿರುವಾಗ ತಂತಿಜಾಲವನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ಹಂತವನ್ನು ಗುರುತಿಸಿದರೆ ಉಳಿದ ಮೂರು ಬಾಗಿಲುಗಳ ಚಿಂತೆಯನ್ನು ಬಿಡಬಹುದು.

ಮೂಲದಿಂದ ಕಟ್ಟುವವರಿಗೆ

ಕೆಲವೊಮ್ಮೆ ಸಿದ್ಧ ಕಟ್ಟಿನ ಬದಲು ಮೂಲ ಬರಹವನ್ನೇ ತರಿಸಿ ನಾವೇ ಲೈಬ್ರರಿಯನ್ನು ಕಟ್ಟಬೇಕಾಗುತ್ತದೆ. ಇದರಲ್ಲಿ ಮೂರು ಮೆಟ್ಟಿಲುಗಳಿವೆ: ಯಂತ್ರದ ಪರಿಶೀಲನೆ, ಕಟ್ಟುವಿಕೆ, ಸ್ಥಾಪನೆ. ಇವಕ್ಕೆ ಅನುಕ್ರಮವಾಗಿ ‘ಕಾನ್ಫಿಗರ್’, ‘ಮೇಕ್’, ‘ಮೇಕ್ ಇನ್‌ಸ್ಟಾಲ್’ ಎಂಬ ಆಜ್ಞೆಗಳಿವೆ.

ಮೊದಲ ಮೆಟ್ಟಿಲಿಗೂ ಮೊದಲು ತಂದ ಕಡತ ಪೂರ್ಣವಾಗಿದೆಯೇ ಎಂದು ನೋಡಬೇಕು. ಕಾಡಿನ ಪ್ರದೇಶಗಳಲ್ಲಿ ದೂರಸಂಪರ್ಕ ನಡುವೆ ಕಡಿಯುವುದು ಅಪರೂಪವಲ್ಲ. ಅರ್ಧ ಬಂದ ಕಡತವು ಹೊರನೋಟಕ್ಕೆ ಸರಿಯಾಗಿಯೇ ಕಾಣಬಹುದು. ತಯಾರಕರು ಕಡತದೊಡನೆ ಒಂದು ತಾಳೆಸಂಖ್ಯೆಯನ್ನು ಪ್ರಕಟಿಸಿರುತ್ತಾರೆ. ನಮ್ಮಲ್ಲಿರುವ ಕಡತದಿಂದ ಅದೇ ಸಂಖ್ಯೆಯನ್ನು ಲೆಕ್ಕ ಹಾಕಿ ಹೋಲಿಸಿದರೆ ಸಂಶಯ ತೀರುತ್ತದೆ.

ಪರಿಶೀಲನೆಯ ಮೆಟ್ಟಿಲಿನಲ್ಲಿ ನಿಂತುಹೋದರೆ ಪರದೆಯ ಕೊನೆಯ ಸಾಲನ್ನು ಓದಿ ನಿರಾಶರಾಗಬಾರದು. ‘ಕಾನ್ಫಿಗ್ ಲಾಗ್’ ಎಂಬ ದಿನಚರಿ ಕಡತದಲ್ಲಿ ಯಾವ ಪರೀಕ್ಷೆಯನ್ನು ಮಾಡಲಾಯಿತು, ಅದು ಏಕೆ ಸೋತಿತು ಎಂಬ ನಿಜವಾದ ಕಾರಣವಿರುತ್ತದೆ. ಫೋರ್ಟ್ರಾನ್ ಕಂಪೈಲರ್ ಇಲ್ಲದ ಯಂತ್ರದಲ್ಲಿ ಪರಿಶೀಲನೆ ನಿಲ್ಲದೆಯೂ ಮುಂದುವರಿಯಬಹುದು. ಆದರೆ ಫೋರ್ಟ್ರಾನಿಗೆ ಬೇಕಾದ ಭಾಗ ಮಾತ್ರ ನಿರ್ಮಾಣವಾಗುವುದಿಲ್ಲ. ಬಹಳ ದಿನಗಳ ಮೇಲೆ ಅದು ಬೇಕಾದಾಗ ‘ಸ್ಥಾಪಿಸಿದ್ದೆವಲ್ಲ, ಎಲ್ಲಿ ಹೋಯಿತು?’ ಎಂದು ಹುಡುಕುವಂತಾಗುತ್ತದೆ. ಕಟ್ಟುವಿಕೆಯ ಮೆಟ್ಟಿಲಿನಲ್ಲಿ ನೂರು ದೋಷಗಳು ಕಾಣಿಸಿದರೂ ಗಮನಿಸಬೇಕಾದುದು ಮೊದಲನೆಯದನ್ನು. ಉಳಿದವು ಹೆಚ್ಚಾಗಿ ಅದರ ಸಂತಾನ. ಸ್ಥಾಪನೆಯ ಮೆಟ್ಟಿಲಿನಲ್ಲಿ ‘ಅನುಮತಿಯಿಲ್ಲ’ ಎಂದು ಬಂದರೆ ಯಂತ್ರದ ಒಡೆತನವನ್ನು ಬೇಡಬೇಕಾಗಿಲ್ಲ. ಪರಿಶೀಲನೆಯ ಆಜ್ಞೆಯಲ್ಲಿ ‘ಪ್ರಿಫಿಕ್ಸ್’ ಎಂಬ ಆಯ್ಕೆಯಿಂದ ನಮ್ಮ ಸ್ವಂತ ಕಡತಕೋಶದ ವಿಳಾಸವನ್ನು ಕೊಟ್ಟು ಅಲ್ಲಿಯೇ ಸ್ಥಾಪಿಸಿಕೊಳ್ಳಬಹುದು.

ನಾಲ್ಕು ಯಂತ್ರಗಳನ್ನು ಕೂಡಿಸುವಾಗ

ಒಂದು ಯಂತ್ರದಲ್ಲಿ ಲೈಬ್ರರಿ ಸರಿಯಾಗಿ ನಡೆಯಿತೆಂದು ಭಾವಿಸೋಣ. ಈಗ ಹಳಿಯಾಳ ಎಂಬ ಗಣಕದ ಮುಂದೆ ಕುಳಿತು ನಾಲ್ಕನ್ನೂ ನಡೆಸಬೇಕಾಗಿದೆ. ಇಲ್ಲಿ ಮೂರು ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡುವುದು ಉತ್ತಮ.

ಒಂದನೆಯ ಪರೀಕ್ಷೆ: ಎಂಪಿಐರನ್ ಮೂಲಕ ‘ಹೋಸ್ಟ್‌ನೇಮ್’ ಎಂಬ ಸಾಮಾನ್ಯ ಆಜ್ಞೆಯನ್ನು ನಾಲ್ಕೂ ಗಣಕಗಳಲ್ಲಿ ನಡೆಸುವುದು. ಇದು ಎಂಪಿಐ ಕಾರ್ಯಕ್ರಮವೇ ಅಲ್ಲ. ಪ್ರತಿಯೊಂದು ಗಣಕವೂ ತನ್ನ ಹೆಸರನ್ನು ಹೇಳಿ ಸುಮ್ಮನಾಗುತ್ತದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ಹೆಸರುಗಳೂ ಬಂದರೆ ಚಾಲಕನು ಎಲ್ಲ ಮನೆಗಳ ಬಾಗಿಲನ್ನು ತಟ್ಟಬಲ್ಲನೆಂದು ಸಿದ್ಧವಾಯಿತು. ಬರದಿದ್ದರೆ ತಪ್ಪು ಪ್ರವೇಶದಲ್ಲಿದೆ. ಗುಪ್ತಪದ ಕೇಳದೆ ಒಳಬಿಡುವಂತೆ ‘ಎಸ್‌ಎಸ್‌ಎಚ್’ ಬೀಗದ ಕೈಗಳನ್ನು ಮೊದಲೇ ವಿನಿಮಯ ಮಾಡಿಕೊಂಡಿರಬೇಕು. ಒಮ್ಮೊಮ್ಮೆ ಇಲ್ಲಿಯೇ ಒಂದು ವಿಚಿತ್ರ ಕಾಣುತ್ತದೆ. ಜೋಯಿಡಾ ಗಣಕದ ಮುಂದೆ ನಾವೇ ಕುಳಿತಾಗ ಲೈಬ್ರರಿ ಸಿಗುತ್ತದೆ. ದೂರದಿಂದ ಕರೆದಾಗ ಸಿಗುವುದಿಲ್ಲ. ಕಾರಣವಿಷ್ಟೆ: ನಾವು ಹಾದಿಗಳನ್ನು ಬರೆದಿಡುವ ‘ಬ್ಯಾಶ್-ಆರ್‌ಸಿ’ ಕಡತದ ಆರಂಭದಲ್ಲಿ, ಉಬುಂಟುವಿನಂಥ ವ್ಯವಸ್ಥೆಗಳಲ್ಲಿ, ಎದುರಿಗೆ ಮನುಷ್ಯನು ಕುಳಿತಿಲ್ಲವಾದರೆ ಮುಂದೆ ಓದಬೇಡ ಎಂಬ ಸೂಚನೆ ಇರುತ್ತದೆ. ಕಡತದ ಕೊನೆಯಲ್ಲಿ ನಾವು ಸೇರಿಸಿದ ಸಾಲುಗಳನ್ನು ದೂರದ ಕರೆ ತಲಪುವುದೇ ಇಲ್ಲ. ಆ ಸಾಲುಗಳನ್ನು ಸೂಚನೆಗಿಂತ ಮೇಲಕ್ಕೆ ಸರಿಸಿದರೆ ತೊಡಕು ಬಿಡುತ್ತದೆ.

ಎರಡನೆಯ ಪರೀಕ್ಷೆ: ಪ್ರತಿಯೊಬ್ಬನೂ ‘ನಾನು ಇಷ್ಟನೆಯವನು, ಒಟ್ಟು ಇಷ್ಟು ಮಂದಿ’ ಎಂದು ಹೇಳುವ ಚಿಕ್ಕ ಎಂಪಿಐ ಕಾರ್ಯಕ್ರಮ. ಕಾರ್ಯಕ್ರಮದ ಕಡತವು ನಾಲ್ಕು ಗಣಕಗಳಲ್ಲಿಯೂ ಒಂದೇ ವಿಳಾಸದಲ್ಲಿರಬೇಕು. ಲೈಬ್ರರಿಯ ಆವೃತ್ತಿಯೂ ಒಂದೇ ಆಗಿರಬೇಕು. ಸಾಲುಗಳು 2, 0, 3, 1 ಎಂದು ಹಿಂದು ಮುಂದಾಗಿ ಬಂದರೆ ಅದು ದೋಷವಲ್ಲ. ಯಾರು ಮೊದಲು ಮುಗಿಸಿದರೋ ಅವರು ಮೊದಲು ಹೇಳಿದರು, ಅಷ್ಟೆ. ‘ಸ್ಲಾಟ್’ ಸಾಲದೆಂದು ಓಪನ್ ಎಂಪಿಐ ದೂರಿದರೆ ಅದೂ ಸ್ಥಾಪನೆಯ ತಪ್ಪಲ್ಲ. ಒಂದು ಕೋರಿಗೆ ಒಂದು ಕಾರ್ಯಘಟಕ ಎಂಬುದು ಅದರ ಸಹಜ ಲೆಕ್ಕ. ನಾಲ್ಕು ಕೋರಿನ ಒಂದೇ ಯಂತ್ರದಲ್ಲಿ ಎಂಟು ಘಟಕಗಳನ್ನು ಬೇಡಿದರೆ ಆಸನವಿಲ್ಲವೆಂದು ನಿರಾಕರಿಸುತ್ತದೆ.

ಮೂರನೆಯ ಪರೀಕ್ಷೆ: ಉಂಗುರ. 0ನೆಯವನು ಒಂದು ಸಂಖ್ಯೆಯನ್ನು 1ನೆಯವನಿಗೆ, ಅವನು 2ನೆಯವನಿಗೆ, ಅವನು 3ನೆಯವನಿಗೆ, ಅವನು ಮರಳಿ 0ನೆಯವನಿಗೆ ದಾಟಿಸಬೇಕು. ಮೊದಲೆರಡು ಪರೀಕ್ಷೆಗಳಲ್ಲಿ ಗೆದ್ದು ಇಲ್ಲಿ ಮಾತಿಲ್ಲದೆ ನಿಂತುಬಿಡುವುದು ತೀರ ಸಾಮಾನ್ಯ. ಏಕೆಂದರೆ ಘಟಕಗಳು ತಮ್ಮ ತಮ್ಮೊಳಗೆ ನೇರವಾಗಿ ಮಾತನಾಡುವುದು ಇದೇ ಮೊದಲ ಸಲ. ತಡೆ ಮೂರು ಕಡೆ ಇರಬಹುದು. ಮೊದಲನೆಯದು ಫೈರ್‌ವಾಲ್. ಪ್ರವೇಶಕ್ಕೆ ಬೇಕಾದ ಒಂದು ದ್ವಾರವನ್ನು ಮಾತ್ರ ತೆರೆದಿದ್ದರೆ ಸಾಲದು. ಎಂಪಿಐ ಆ ಹೊತ್ತಿಗೆ ದೊರೆತ ಯಾವುದಾದರೂ ದ್ವಾರವನ್ನು ಬಳಸುತ್ತದೆ. ಹೊರಗಿನ ಜಾಲದಿಂದ ಪ್ರತ್ಯೇಕವಾದ ಕೊಠಡಿಯಲ್ಲಿ ಈ ನಾಲ್ಕು ಯಂತ್ರಗಳ ನಡುವಣ ಸಂಚಾರಕ್ಕೆ ಪೂರ್ಣ ಅನುಮತಿ ಕೊಡುವುದು ಸುಲಭೋಪಾಯ. ಎರಡನೆಯದು ಹುಸಿ ಜಾಲಗಳು. ಯಂತ್ರದೊಳಗೆ ಯಂತ್ರವನ್ನು ಕಲ್ಪಿಸುವ ತಂತ್ರಾಂಶಗಳನ್ನು ಹಾಕಿಕೊಂಡಿದ್ದರೆ ನಾಲ್ಕು ಗಣಕಗಳಲ್ಲಿಯೂ ಒಂದೇ ವಿಳಾಸದ ಕಲ್ಪಿತ ಜಾಲವಿರಬಹುದು. ಎಂಪಿಐ ಅದನ್ನೇ ನಿಜವೆಂದು ನಂಬಿ ಅಲ್ಲಿಯೇ ಕಾಯುತ್ತ ಕೂರುತ್ತದೆ. ಯಾವ ಜಾಲವನ್ನು ಬಳಸಬೇಕೆಂದು ಹೆಸರಿಸಿ ಹೇಳಬೇಕು. ಮೂರನೆಯದು ಹೆಸರು-ವಿಳಾಸಗಳ ‘ಹೋಸ್ಟ್ಸ್’ ಕಡತ. ಡೆಬಿಯನ್, ಉಬುಂಟುಗಳಲ್ಲಿ ಗಣಕದ ಸ್ವಂತ ಹೆಸರಿಗೆ 127.0.1.1 ಎಂಬ ವಿಳಾಸವನ್ನು ಬರೆದಿರುವುದುಂಟು. 127ರಿಂದ ಆರಂಭವಾಗುವ ವಿಳಾಸಕ್ಕೆ ‘ನಮ್ಮ ಮನೆ’ ಎಂದರ್ಥ. ವಿಳಾಸ ಕೇಳಿದ ಅತಿಥಿಗೆ ಯಜಮಾನನು ‘ನಮ್ಮ ಮನೆಗೆ ಬನ್ನಿ’ ಎಂದಷ್ಟೇ ಹೇಳಿದರೆ ಅತಿಥಿ ತನ್ನ ಮನೆಗೇ ಮರಳಿಯಾನು! ಅದರ ಬದಲು ತಂತಿಜಾಲದ ನಿಜವಾದ ವಿಳಾಸವನ್ನು ಬರೆಯಬೇಕು.

ಮಾತನಾಡದ ದೋಷ

ಈವರೆಗೆ ಹೇಳಿದ ದೋಷಗಳೆಲ್ಲ ಒಂದು ಅರ್ಥದಲ್ಲಿ ಒಳ್ಳೆಯವು. ಅವು ಕೂಗಿ ಹೇಳುತ್ತವೆ, ಇಲ್ಲವೆ ಕೆಲಸವನ್ನು ನಿಲ್ಲಿಸುತ್ತವೆ. ಭಯಪಡಬೇಕಾದುದು ಸದ್ದಿಲ್ಲದ ದೋಷಕ್ಕೆ.

ಎರಡನೆಯ ಪರೀಕ್ಷೆಯಲ್ಲಿ ನಾಲ್ಕು ಸಾಲುಗಳು ಬಂದವು. ದೋಷಸಂದೇಶ ಒಂದೂ ಇಲ್ಲ. ಆದರೆ ಪ್ರತಿಯೊಂದು ಸಾಲೂ ‘ನಾನು 0ನೆಯವನು, ಒಟ್ಟು ಒಬ್ಬನೇ’ ಎನ್ನುತ್ತಿದೆ! ಅವಸರದಲ್ಲಿ ಸಾಲುಗಳನ್ನು ಎಣಿಸಿದವನು ತೃಪ್ತನಾಗಿ ಮುಂದೆ ಸಾಗುತ್ತಾನೆ. ನಡೆದುದೇನು? ಯಂತ್ರದಲ್ಲಿ ಎರಡೂ ಮನೆತನಗಳ ಲೈಬ್ರರಿಗಳಿವೆ. ಕಾರ್ಯಕ್ರಮವನ್ನು ಕಟ್ಟಿದುದು ಎಂಪಿಐಸಿಎಚ್‌ನ ಎಂಪಿಐಸಿಸಿ. ನಡೆಸಿದುದು ಓಪನ್ ಎಂಪಿಐಯ ಎಂಪಿಐರನ್. ಎರಡೂ ಮನೆತನಗಳು ಆಜ್ಞೆಗಳಿಗೆ ಒಂದೇ ಹೆಸರನ್ನಿಟ್ಟಿರುವುದರಿಂದ ಕಣ್ಣಿಗೆ ಭೇದ ಕಾಣುವುದಿಲ್ಲ. ಚಾಲಕನು ಕ್ರಮಸಂಖ್ಯೆಯನ್ನು ತನ್ನ ಮನೆಯ ರೂಢಿಯಂತೆ ತಿಳಿಸಿದನು. ಆ ರೂಢಿ ತಿಳಿಯದ ಕಾರ್ಯಕ್ರಮವು ತನಗೆ ಯಾರೂ ಏನೂ ಹೇಳಲಿಲ್ಲವೆಂದು ಭಾವಿಸಿ ಒಂಟಿಯಾಗಿ ಕೆಲಸ ಮಾಡಿತು.

ಇದರ ಫಲವನ್ನು ಮಳೆಯ ಲೆಕ್ಕದಲ್ಲಿ ನೋಡೋಣ. ತಾನೊಬ್ಬನೇ ಎಂದು ತಿಳಿದ ಪ್ರತಿಯೊಂದು ಗಣಕವೂ 1000 ಚೌಕಗಳ ಬದಲು 4000 ಚೌಕಗಳನ್ನೂ ಲೆಕ್ಕ ಹಾಕುತ್ತದೆ. ನಾಲ್ಕು ಫಲಿತಾಂಶಗಳು ನಾಲ್ಕು ಪಾಲುಗಳೆಂದು ನಂಬಿ ವಿದ್ಯಾರ್ಥಿಯು ಕೂಡಿದರೆ ನೀರಿನ ಮೊತ್ತ ನಾಲ್ಕು ಪಟ್ಟಾಗುತ್ತದೆ. ಜಲಾಶಯಕ್ಕೆ ಹರಿದು ಬರುವ ನೀರನ್ನು ಹೀಗೆ ಅಂದಾಜು ಮಾಡಿದರೆ ಅದನ್ನು ನಂಬಿ ಗೇಟು ತೆರೆಯುವವನ ಗತಿಯೇನು, ಕೆಳಗಿನ ಊರುಗಳ ಗತಿಯೇನು ಎಂದು ವಾಚಕರೇ ಊಹಿಸಬಹುದು. ಗಣಕವು ಸುಳ್ಳು ಹೇಳಲಿಲ್ಲ. ಅದನ್ನು ಕೇಳಿದ ರೀತಿಯಲ್ಲಿ ದೋಷವಿತ್ತು.

ಪರಿಹಾರ ಸುಲಭ. ‘ವಿಚ್’ ಎಂಬ ಆಜ್ಞೆಯಿಂದ ಎಂಪಿಐಸಿಸಿ ಮತ್ತು ಎಂಪಿಐರನ್ ಎರಡೂ ಯಾವ ಕಡತಕೋಶದಿಂದ ಬರುತ್ತಿವೆ ಎಂದು ನೋಡಬೇಕು. ಎಂಪಿಐರನ್ನಿನ ಆವೃತ್ತಿಯನ್ನು ಕೇಳಿದರೆ ಅದು ತನ್ನ ಮನೆತನವನ್ನು ಹೇಳುತ್ತದೆ. ಎಲ್‌ಡಿಡಿಯ ಪಟ್ಟಿಯಲ್ಲಿ ಕಾರ್ಯಕ್ರಮವು ಬಳಸುವ ಲೈಬ್ರರಿ ಯಾವ ಮನೆಯದೆಂದು ತಿಳಿಯುತ್ತದೆ. ಮೂರೂ ಒಂದೇ ಆಗಿರಬೇಕು. ಪೈಥಾನ್ ಭಾಷೆಯಿಂದ ‘ಎಂಪಿಐ-ಫಾರ್-ಪೈ’ ಎಂಬ ಸೇತುವನ್ನು ಬಳಸುವವರಿಗೂ ಇದೇ ಎಚ್ಚರಿಕೆ ಅಗತ್ಯ. ಸೇತುವನ್ನು ಯಾವ ಲೈಬ್ರರಿಯ ಮೇಲೆ ಕಟ್ಟಲಾಗಿದೆಯೋ ಆ ಮನೆಯ ಚಾಲಕನೇ ಅದನ್ನು ನಡೆಸಬೇಕು. ಒಂದು ಮನೆತನವನ್ನು ಆರಿಸಿಕೊಂಡು ಇನ್ನೊಂದನ್ನು ತೆಗೆದುಹಾಕುವುದು ಆರಂಭದ ವಿದ್ಯಾರ್ಥಿಗಳಿಗೆ ಕ್ಷೇಮಕರ.

ವೇಗದ ಮಿತಿ

ಎಲ್ಲವೂ ಸರಿಯಾದ ಮೇಲೆಯೂ ನಾಲ್ಕು ಗಣಕಗಳಿಂದ ನಾಲ್ಕು ಪಟ್ಟು ವೇಗ ದೊರೆಯದಿದ್ದರೆ ಸ್ಥಾಪನೆಯನ್ನು ದೂಷಿಸಬಾರದು. ಜೀನ್ ಆಮ್ಡಾಲ್ ಎಂಬ ಗಣಕತಜ್ಞನು 1967ರಲ್ಲಿ ಇದರ ಕಾರಣವನ್ನು ತೋರಿಸಿದನು. ಒಂದು ಗಣಕಕ್ಕೆ 40 ನಿಮಿಷ ಹಿಡಿಯುವ ಲೆಕ್ಕದಲ್ಲಿ ಹಂಚಲಾಗದ ಭಾಗ ಹತ್ತರಲ್ಲೊಂದು, ಎಂದರೆ 4 ನಿಮಿಷ ಎನ್ನೋಣ. ಉಳಿದ 36 ನಿಮಿಷಗಳನ್ನು ನಾಲ್ವರು ಹಂಚಿಕೊಂಡರೆ 9 ನಿಮಿಷ. ಒಟ್ಟು 13 ನಿಮಿಷ, 10 ಅಲ್ಲ. ಎಷ್ಟು ಗಣಕಗಳನ್ನು ಸೇರಿಸಿದರೂ ಆ 4 ನಿಮಿಷ ಹೋಗುವುದಿಲ್ಲವಾದುದರಿಂದ ವೇಗವು ಹತ್ತು ಪಟ್ಟನ್ನು ಎಂದಿಗೂ ಮೀರದು. ಸಂದೇಶಗಳ ಓಡಾಟಕ್ಕೆ ಹಿಡಿಯುವ ಕಾಲ ಇದರ ಮೇಲಿನ ಸುಂಕ. ಆದರೆ ನಾಲ್ಕು ಗಣಕಗಳಲ್ಲಿಯೂ ಸರಿಯಾಗಿ 40 ನಿಮಿಷವೇ ಹಿಡಿದರೆ ಅದು ಆಮ್ಡಾಲನ ನಿಯಮವಲ್ಲ. ಮೇಲೆ ಹೇಳಿದ ಒಂಟಿತನದ ದೋಷವೆಂದು ಕೂಡಲೇ ಶಂಕಿಸಬೇಕು.

ಶೋಧಕನ ಶಿಸ್ತು

ದೋಷಶೋಧನೆಯೂ ಒಂದು ಪ್ರಯೋಗವೇ. ಭೌತಶಾಸ್ತ್ರದ ಪ್ರಯೋಗದಲ್ಲಿ ಉಳಿದೆಲ್ಲವನ್ನೂ ಸ್ಥಿರವಾಗಿರಿಸಿ ಒಂದನ್ನು ಮಾತ್ರ ಬದಲಿಸುವಂತೆ ಇಲ್ಲಿಯೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಒಟ್ಟಿಗೆ ಮೂರನ್ನು ಬದಲಿಸಿ ಗೆದ್ದವನಿಗೆ ಗೆಲುವಿನ ಕಾರಣ ತಿಳಿಯುವುದಿಲ್ಲ. ಮುಂದಿನ ಸಲ ಅವನು ಮತ್ತೆ ಮೊದಲಿನಿಂದ ಆರಂಭಿಸಬೇಕು. ಯಾವ ಆಜ್ಞೆ ಕೊಟ್ಟೆವು, ಯಾವ ಸಂದೇಶ ಬಂದಿತು, ಏನನ್ನು ಬದಲಿಸಿದೆವು ಎಂದು ಪುಸ್ತಕದಲ್ಲಿ ಬರೆದಿಡಬೇಕು. ಕೇಳಲು ತಜ್ಞರು ಹತ್ತಿರವಿಲ್ಲದ ಊರುಗಳಲ್ಲಿ ಆ ಬರಹವೇ ಮುಂದಿನ ತಂಡದ ವಿದ್ಯಾರ್ಥಿಗಳಿಗೆ ಗುರುವಾಗುತ್ತದೆ. ಕಿರಿದರಲ್ಲಿ ಗೆದ್ದ ಮೇಲೆಯೇ ಹಿರಿದಕ್ಕೆ ಕೈಹಾಕಬೇಕು: ಮೊದಲು ಒಂದು ಯಂತ್ರ, ಆಮೇಲೆ ಎರಡು, ಕಡೆಗೆ ನಾಲ್ಕು. ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಮೊದಲು ಮಾಡಿಸಬೇಕು. 4000 ಚೌಕಗಳಲ್ಲಿಯೂ ಒಂದೊಂದು ಮಿಲಿಮೀಟರ್ ಮಳೆ ಎಂದು ಕೊಟ್ಟರೆ ಮೊತ್ತ 40 ಲಕ್ಷ ಘನ ಮೀಟರ್ ಬರಲೇಬೇಕು. ಅದು ಬಂದ ಮೇಲೆ ನಿಜವಾದ ಮಳೆಯ ಅಂಕಿಗಳನ್ನು ಒಪ್ಪಿಸಬಹುದು.

ನಾಲ್ಕು ಹಳೆಯ ಗಣಕಗಳ ಮೇಲೆ ಈ ಪಾಠವನ್ನು ಕಲಿತವರಿಗೆ ಸಾವಿರಾರು ಕೋರ್‌ಗಳ ಯಂತ್ರ ಅಪರಿಚಿತವೆನಿಸದು. ಕ್ರಮಸಂಖ್ಯೆ ಕೇಳುವ, ನೆರೆಯವನಿಗೆ ಸಂದೇಶ ಕಳುಹಿಸುವ ಮಾತುಗಳು ಅಲ್ಲಿಯೂ ಇವೇ. ಮಾನಕವೊಂದನ್ನು ರಚಿಸಿದುದರ ಪ್ರಯೋಜನ ಇದೇ.

ಅಭ್ಯಾಸ

1. ಹೋಸ್ಟ್‌ನೇಮ್ ಪರೀಕ್ಷೆಯಲ್ಲಿ ನಾಲ್ಕು ಹೆಸರುಗಳೂ ಬಂದವು. ಉಂಗುರದ ಪರೀಕ್ಷೆ ಸದ್ದಿಲ್ಲದೆ ನಿಂತಿತು. ಯಾವ ಮೂರು ಕಾರಣಗಳನ್ನು ಪರಿಶೀಲಿಸುವಿರಿ?

2. ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ಸಂದೇಶವು ಯಾವ ಹಂತದ್ದು? ಹೆಡರ್ ಕಡತವನ್ನು ಮತ್ತೆ ಸ್ಥಾಪಿಸಿದರೆ ಅದು ಹೋಗುವುದೇ?

3. ಎಲ್ಲ ಚೌಕಗಳಲ್ಲಿಯೂ ಒಂದು ಮಿಲಿಮೀಟರ್ ಮಳೆಯೆಂದು ಕೊಟ್ಟಾಗ ಪಾಲುಗಳ ಮೊತ್ತ 160 ಲಕ್ಷ ಘನ ಮೀಟರ್ ಎಂದು ಬಂದರೆ ಮೊದಲು ಯಾವ ದೋಷವನ್ನು ಶಂಕಿಸಬೇಕು? ಏಕೆ?